ನೂರಾನಾಲ್ಕು

ಭಾನುವಾರ ನನ್ನ ದನಿಗೆ ಮೈಕು ಬೇಡ.
ಆರಾಧನೆಯಲ್ಲಿ ಪಾಠ ಓದಲು ನಿಂತರೆ
ಹಿಂದಿನ ಬೆಂಚಿನ ಕಿವುಡು ಜ್ಞಾನಮ್ಮನೂ ತಲೆದೂಗುತ್ತಾಳೆ.
ಅಯ್ಯನವರು ಬೆನ್ನು ತಟ್ಟುತ್ತಾರೆ.
ಸೋಮವಾರ ಬೆಳಗಿನ ಜಾವ ನಾಲ್ಕಕ್ಕೆ
ಕೋಲಾರದ ಟೊಮೆಟೊ ಮಂಡಿಯಲ್ಲಿ
ಅದೇ ಗಂಟಲಿಗೆ ಏನೋ ಕಡ್ಡಿ ಸಿಕ್ಕಿಕೊಳ್ಳುತ್ತದೆ.

ಲೆಕ್ಕ ಸುಲಭ:
ನೂರಾನಾಲ್ಕು ಬಾಕ್ಸು ಇಳಿದರೆ ನೂರು ಬರೆ.
ನಾಲ್ಕು ಮಂಡಿಯ ಬಾಯಿಗೆ.
ಹೇಳಿಕೊಟ್ಟವರು ಯಾರೂ ಇಲ್ಲ,
ಹಿಂದಿನ ರೈಟರು ಬಿಟ್ಟುಹೋದ ಕುರ್ಚಿಯ
ತಗ್ಗಿನಲ್ಲೇ ಅದು ಕೂತಿತ್ತು.
ನಾನು ಅದರ ಮೇಲೆ ಕೂತೆ.
ಹನ್ನೊಂದು ವರ್ಷ.

ಚೀಟಿಯ ಕೆಳಗೆ ಸಹಿ: ಟಿ. ಮನೋಹರ.
ಟಿ ಅಂದರೆ? ಹಮಾಲಿ ಮುನಿಶಾಮಿ ಕೇಳಿದ್ದ ಒಮ್ಮೆ.
ತಿಮ್ಮಯ್ಯ, ನಮ್ಮಪ್ಪ, ಅಂದೆ.
ಲಾರಿ ಕ್ಲೀನರು ಕೇಳಿದ. ತಿಮ್ಮಯ್ಯ.
ಚಳಿಗೆ ಹಳೇ ಟೈರು ಉರಿಸಿ ಕೈ ಕಾಯಿಸುತ್ತಿದ್ದಾಗ
ಟೀ ಮಾರುವ ಹೆಂಗಸು ಮುಖ ದಿಟ್ಟಿಸಿದಳು:
ನಿಮ್ಮನ್ನ ಆ ಚರ್ಚಿನ ಹತ್ರ ನೋಡಿದ ಹಾಗಿದೆಯಲ್ಲ ಅಣ್ಣಾ?
ಬೇರೆ ಯಾರೋ ಇರಬೇಕಮ್ಮ.
ಕೋಳಿ ಕೂಗಲಿಲ್ಲ.
ಮಂಡಿಯಲ್ಲಿ ಕೋಳಿ ಎಲ್ಲಿಂದ ಬರಬೇಕು,
ನಾಸಿಕದ ಲಾರಿಯೊಂದು ಉದ್ದಕ್ಕೆ ಹಾರನ್ ಹೊಡೆಯಿತು, ಅಷ್ಟೆ.

ನಮ್ಮಪ್ಪ ತಿಮ್ಮಯ್ಯ ಅಲ್ಲ.
ಟಿ ಅಂದರೆ ತಿಮೊಥಿ,
ದೀಕ್ಷಾಸ್ನಾನದ ನೀರಿನಿಂದ ಎತ್ತಿಕೊಂಡ ಹೆಸರು, ಅಮ್ಮ ಆರಿಸಿದ್ದು.

ಅಮ್ಮ ಮಿಷನ್ ಆಸ್ಪತ್ರೆಯ ಬಟ್ಟೆ ಒಗೆವ ಕೋಣೆಯಲ್ಲಿ
ಮೂವತ್ತು ವರ್ಷ ಕೈ ಸವೆಸಿದವಳು.
ಯಾರಿಗೂ ಏನನ್ನೂ ಸಾರಿದವಳಲ್ಲ.
ವಾರಸುದಾರರಿಲ್ಲದ ಹೆಣದ ಹೊದಿಕೆಯನ್ನೂ
ಎರಡು ಸಲ ನೀಲಿಗೆ ಅದ್ದುತ್ತಿದ್ದಳು.
ಯಾರು ನೋಡ್ತಾರೆ ಬಿಡೇ, ಅನ್ನುತ್ತಿದ್ದರು ಜೊತೆಯವರು.
ಹಿಂಡುತ್ತಲೇ ನಗುತ್ತಿದ್ದಳು,
ಉತ್ತರ ಬಟ್ಟೆಯಿಂದ ತೊಟ್ಟಿಕ್ಕುತ್ತಿತ್ತು.

ಮೊನ್ನೆ ಗುರುವಾರ. ಅಂತರಗಂಗೆ ಬೆಟ್ಟ ಇನ್ನೂ ಮಂಜಿನೊಳಗೆ.
ಶ್ರೀನಿವಾಸಪುರದ ಕಡೆಯ ನರಸಕ್ಕ
ಟೆಂಪೋ ಪಕ್ಕ ನಿಂತು ಬೆರಳು ಮಡಿಸಿ ಮಡಿಸಿ ಎಣಿಸಿದ್ದಳು.
ಗಿಡದ ಕಪ್ಪು ಹಸಿರು ಅವಳ ಉಗುರಿಗೆ ಹತ್ತಿತ್ತು.
ಅಮ್ಮನ ನೀಲಿ ಬೆರಳು ನೆನಪಾಯಿತೋ ಏನೋ,
ಯಾವ ದರ್ಶನವೂ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ.
ಒಂದು ಬರೆದು, ಸೊನ್ನೆ ಬರೆದು,
ಇನ್ನೊಂದು ಸೊನ್ನೆಗೆ ಪೆನ್ನು ಸುತ್ತಲಿಲ್ಲ.
ನಾಲ್ಕಾಯಿತು.

ಚೀಟಿ ಕಣ್ಣಿಗೆ ಹಿಡಿದು ನೋಡಿ, ವಾಪಸು ಚಾಚಿದಳು:
“ನಾಲುಗು ಎಕ್ಕುವ ರಾಶಾವು ನಾಯನಾ.”
ನಾಲ್ಕು ಜಾಸ್ತಿ ಬರೆದೆನಂತೆ!
ಕಳಕೊಂಡು ಕಳಕೊಂಡು
ತನ್ನ ಬಾಕ್ಸೇ ಅವಳಿಗೆ ಪರರ ಸೊತ್ತು.
ನನ್ನ ಕೆಲಸಕ್ಕೆ ಎಲ್ಲಿ ಕುತ್ತೋ ಎಂದು ತಿದ್ದಿಸುತ್ತಿದ್ದಾಳೆ.

ಬರೆಯುವುದು ಹೇಗೋ ಆಗಿಹೋಗಿತ್ತು. ಬಾಯಿಬಿಟ್ಟು ಹೇಳುವುದು ಬೇರೆ.
ಸಾವ್ಕಾರರು ಹತ್ತಡಿ ದೂರದಲ್ಲಿ ಬೀಡಾ ಬಿಚ್ಚುತ್ತಿದ್ದರು.
ಇಲ್ಲಮ್ಮ, ಅಂದೆ.
ಭಾನುವಾರದ ದನಿಯಲ್ಲ ಅದು,
ನೀರು ಕುಡಿದ ಬತ್ತಿಯ ಹಾಗೆ ಚಿಟಚಿಟ ಅಂದಿತು.
ಇಳಿದದ್ದು ನೂರಾನಾಲ್ಕು. ಬರೆದದ್ದೂ ಅಷ್ಟೇ.

ಸಾವ್ಕಾರರು ಬಯ್ಯಲಿಲ್ಲ.
ಕ್ಯಾಪು ಹುಡುಕಿ, ಪೆನ್ನಿಗೆ ಹಾಕಿ, ತಮ್ಮ ಜೇಬಿಗೆ ಸಿಕ್ಕಿಸಿಕೊಂಡರು.
ನಾಳೆಯಿಂದ ಲೋಡಿಂಗಿಗೆ ಬಾ, ಮನೋಹರ.
ಮೊಣಕಾಲು ನಡುಗಿತು. ಹೊಟ್ಟೆ ತೊಳೆಸಿತು.
ಧೈರ್ಯ ಬಂದರೆ ಎದೆ ಉಬ್ಬುತ್ತದೆ ಅಂದುಕೊಂಡಿದ್ದೆ.

ಈಗ ಹೆಗಲ ಮೇಲೆ ಹದಿನೈದು ಕಿಲೊ.
ಹೊಸ ರೈಟರ್ ಹುಡುಗ ನೂರಕ್ಕೆ ನಿಲ್ಲಿಸಿ
ಪುಸ್ತಕದೊಳಗೆ ತಲೆ ಹುದುಗಿಸುತ್ತಾನೆ, ಪಾಪ.
ನಾನು ಇಳಿಸುತ್ತ ಜೋರಾಗಿ ಎಣಿಸುತ್ತೇನೆ,
ನೂರಾ ಒಂದು, ನೂರಾ ಎರಡು.

ನಿನ್ನೆ ಟೀ ಹೆಂಗಸು ಲೋಟ ಕೊಡುತ್ತ ಕೇಳಿದಳು,
ಅಣ್ಣಾ, ಆ ಟಿ ಅಂದರೆ ನಿಜಕ್ಕೂ ಏನು?
ಬಾಯಲ್ಲಿ ಬಿಸಿ ಟೀ ಇತ್ತು.
ನಾನು ನುಂಗುವ ತನಕ ಕಾದಳು.