ಕಾಫಿ ಯಂತ್ರದ ಪಕ್ಕ

ಆಗಸ್ಟಾ, ಪರಿಸರ ಇಲಾಖೆ, ಮೂರನೇ ಮಹಡಿ.
ತಿಂಗಳ ಸುದ್ದಿ ಬರೆದು ಕಾಫಿ ಯಂತ್ರದ ಪಕ್ಕ ಅಂಟಿಸುವುದು
ನನ್ನ ಪಾಲಿಗೆ ಬಂದ ಕೆಲಸ.

ಹೊಸಬಳು: ಹೋಡನ್ ವರ್ಸಾಮೆ, ಲೂಯಿಸ್ಟನ್ನಿನವಳು.
ಅವಳ ಅಳತೆಯ ರಬ್ಬರ್ ಬೂಟು ಇನ್ನೂ ಬಂದಿಲ್ಲ;
ಬೀರುವಿನಲ್ಲಿದ್ದ ಯಾರದೋ ಬೂಟಿನೊಳಗೆ
ಎರಡು ಜೊತೆ ಕಾಲುಚೀಲ ತುರುಕಿ ಹೊಳೆಗಿಳಿಯುತ್ತಾಳೆ.

ನಿವೃತ್ತಿ: ರೋಲಾಂಡ್ ತಿಬೊಡೊ, ನೀರಿನ ವಿಭಾಗ.
ಮೂವತ್ತೊಂದು ವರ್ಷ. ಶುಕ್ರವಾರ ಮೂರಕ್ಕೆ ಕೇಕು.

ತರಬೇತಿ: ಕಲ್ಲಡಿಯ ಹುಳುಗಳ ಗುರುತು.
ಎರಡು ಬಾಲದ್ದು ಯಾವುದು, ಮೂರು ಬಾಲದ್ದು ಯಾವುದು,
ನೀರು ಕೆಟ್ಟರೆ ಮೊದಲು ಸಾಯುವುದು ಯಾವುದು.
ಎಂಟೇ ಜಾಗ. ಭೂತಗನ್ನಡಿ ನಾವೇ ಕೊಡುತ್ತೇವೆ.

ಪಟ್ಟಿಯಲ್ಲಿ ಏಳನೆಯ ಹೆಸರು ಹೋಡನ್,
ಎಂಟನೆಯದು ರೋಲಾಂಡ್.

ತಪ್ಪಿರಬೇಕೆಂದು ಕೇಳಲು ಹೋದೆ.
ಬಾಟಲಿಗಳಿಗೆ ಚೀಟಿ ಹಚ್ಚುತ್ತಿದ್ದವನು ತಲೆ ಎತ್ತಲಿಲ್ಲ:
“ಆ ನೀರಲ್ಲಿ ಉಸಿರೆಷ್ಟಿದೆಯೆಂದು
ಇಷ್ಟು ವರ್ಷ ಅಳೆದು ಅಳೆದು ಬರೆದೆ ಮಾರಾಯ್ತಿ,
ಉಸಿರಾಡುವವರ ಹೆಸರು ಒಂದೂ ಗೊತ್ತಿಲ್ಲ.”

ತರಬೇತಿ ಇರುವುದು ಕೇಕಿನ ಮರುವಾರ.
ಕೆಳಗೆ ಸಣ್ಣ ಅಕ್ಷರದಲ್ಲಿ: ಸಿಬ್ಬಂದಿಗೆ ಮಾತ್ರ.

ಸರಿಯಾಗಿ ಆ ಸಾಲಿನ ಮೇಲೆಯೇ
ಕೇಕಿನ ಚೀಟಿ ಅಂಟಿಸಿ ಬಂದೆ.