ಇಲ್ಲದಿಲ್ಲದಿದ್ದರೆ

ಬೈತಖೋಲ ಬಂದರು, ಐಸ್ ಫ್ಯಾಕ್ಟರಿಯ ಮಾಳಿಗೆ.
ತನುಜಾ ಹರಿಕಂತ್ರ ಬರೆದ ಕೋಡು ನನ್ನ ಪರದೆಯ ಮೇಲೆ:
ಪರವಾನಗಿ ಇಲ್ಲದಿಲ್ಲದಿದ್ದರೆ,
ಗಾಳಿ ಮಿತಿ ಮೀರದಿರದೆ ಇರದಿದ್ದರೆ,
ನಿಷೇಧವಿಲ್ಲದ ತಿಂಗಳಲ್ಲವೆಂಬುದು ಸುಳ್ಳಾಗದಿರದಿದ್ದರೆ
ದೋಣಿ ಹೊರಡಬಹುದು.

ಕಂಸಗಳನ್ನು ಬೆರಳಿಟ್ಟು ಎಣಿಸಿದೆ,
ಹರಿದ ಬಲೆಯ ಮುಂದೆ ಕೂತವರು ಕಣ್ಣು ಎಣಿಸುವಂತೆ.
ಎಲ್ಲೋ ಒಂದು ಹೆಚ್ಚಾಯಿತು. ಮತ್ತೆ ಮೊದಲಿಂದ.
ಚಹಾದ ಮೇಲೆ ಕೆನೆ ಕಟ್ಟಿತು.

"ತಪ್ಪೇನಾದ್ರೂ ಉಂಟಾ?"
"ಇಲ್ಲ."
"ಮತ್ತೆ ಒಪ್ಪಿಬಿಡಿ."
"ಇಲ್ಲವೆಂದು ತಿಳಿಯಲು ನಲವತ್ತು ನಿಮಿಷ ಬೇಕಾಯಿತಲ್ಲೇ, ಮಾರಾಯ್ತಿ."

ಕೆಳಗೆ ಧಕ್ಕೆಯಲ್ಲಿ ಬುದೋ ತಾಂಡೇಲ
ಮಂಜುಗಡ್ಡೆಯ ಪುಡಿ ಲುಂಗಿಗೆ ಒರೆಸಿ ಫೋನು ಎತ್ತುತ್ತಾನೆ.
ಅವನು ಓದುವುದು ಒಂದೇ:
ಹೋಗೂದೋ, ಬ್ಯಾಡೋ.

ಬಿಚ್ಚತೊಡಗಿದೆವು.
ಆಗದ್ದನ್ನು ಮೊದಲು ಕೇಳು, ಹೊಸ್ತಿಲಲ್ಲೇ ತಿರುಗಿಸಿ ಕಳಿಸು.
ನಿಷೇಧವೇ? ನಿಲ್ಲು.
ಪರವಾನಗಿ ಮುಗಿದಿದೆಯೇ? ನಿಲ್ಲು.
ಗಾಳಿ ಜೋರೇ? ನಿಲ್ಲು.
ಮೂರನ್ನೂ ದಾಟಿದವನಿಗೆ ಮೆಟ್ಟಿಲಿಲ್ಲದ ಒಂದು ಸಾಲು, ಎಡ ಅಂಚಿಗೆ ತಾಗಿ:
ಹೊರಡು.

ಆಗ ಅವಳ ಬೆರಳು ಮೊದಲ ಪ್ರಶ್ನೆಯ ಮೇಲೆ ನಿಂತಿತು.
"ಅಕ್ಕಾ, ನಾಡದೋಣಿ?"
ಮಳೆಗಾಲದ ಎರಡು ತಿಂಗಳ ನಿಷೇಧ ಯಂತ್ರದ ದೋಣಿಗೆ ಮಾತ್ರ.
ಅವಳ ಅಪ್ಪನದು ಹುಟ್ಟಿನ ದೋಣಿ.
ಅಷ್ಟೊಂದು ಅಲ್ಲ-ಇಲ್ಲಗಳ ಕೆಳಗೆ
ಅಪ್ಪನನ್ನೇ ದಡದಲ್ಲಿ ಕಟ್ಟಿಹಾಕಿದ್ದಳು,
ನಾನು ನಲವತ್ತು ನಿಮಿಷ ನೋಡಿ ತಪ್ಪಿಲ್ಲವೆಂದಿದ್ದೆ.

ಸೇರಿಸಿದಳು. ಈ ಸಲ ಓದಲು ನಿಮಿಷವೂ ಹಿಡಿಯಲಿಲ್ಲ.
ದೇವಗಡದ ದೀಪ ಹೊತ್ತಿಕೊಂಡಿತ್ತು.
ಒಪ್ಪಿಗೆಯ ಜಾಗದಲ್ಲಿ ನಮ್ಮೂರ ಮಾತು ಬರೆದೆ:
ಅಡ್ಡಿಲ್ಲ.

"ಅದರೊಳಗೂ ಒಂದು ಇಲ್ಲ ಉಂಟಲ್ಲ," ಎಂದಳು.