ಮಸಿಯಲ್ಲ

ಕತ್ತಿನ ಸುತ್ತ ಕಪ್ಪು.
ಒಲೆಯ ಮಸಿ ಅಂದುಕೊಂಡಿದ್ದೆ.
ಮೂರು ವರ್ಷ ತಿಕ್ಕಿದೆ, ನಾರಿನಿಂದ, ಬೂದಿಯಿಂದ,
ರಿಯೋನಿ ಹೊಳೆಯ ಬಿಳಿಗಲ್ಲು ತಂದು ಉಜ್ಜಿ ಉಜ್ಜಿ
ರಕ್ತ ಬಂತು, ಕಪ್ಪು ಹೋಗಲಿಲ್ಲ.

ಕುತೈಸಿಯ ಸಂತೆಬೀದಿಯಲ್ಲಿ ನನ್ನದು ಮಣ್ಣಿನ ಒಲೆ,
ಬಾವಿಯಂಥದು. ನಸುಕಿನ ನಾಲ್ಕಕ್ಕೆ
ಸೊಂಟದವರೆಗೆ ಅದರೊಳಗೆ ಬಾಗಿ
ಹಿಟ್ಟನ್ನು ಗೋಡೆಗೆ ಬಡಿದು ಮೇಲೇಳುತ್ತೇನೆ,
ದಿನಕ್ಕೆ ಮುನ್ನೂರು ಸಲ.
ಗಲ್ಲದ ಮೇಲೆ ಹಿಟ್ಟು ಕೂತರೆ
ಚಿವುಟಿ ಕಿತ್ತ ಕೂದಲೆಲ್ಲ ಬೆಳ್ಳಗೆ ಎದ್ದು ನಿಲ್ಲುತ್ತವೆ.
ಗಿರಾಕಿಗಳು ಚಿಲ್ಲರೆ ಎಣಿಸುತ್ತಾ ನೋಡದಂತೆ ನೋಡುತ್ತಾರೆ.

ಅತ್ತೆ ತ್ಸಿಯಾಲಾ ಅಕ್ರೋಟು ಒಡೆಯುತ್ತಾ ಕೇಳುವಳು:
ಏನಾದರೂ ವಿಶೇಷವಾ?
ಐದು ತಿಂಗಳಿಂದ ಏನೂ ಇಲ್ಲ.
ಅದೇ ವಿಶೇಷ.

ಡಾಕ್ಟರ್ ಎಕಾ ಕತ್ತು ನೋಡಿದವಳೇ ಅಂದಳು: ಮಸಿಯಲ್ಲ ಇದು.
ಚೀಟಿಯಲ್ಲಿ ಪಿಸಿಒಎಸ್ ಎಂದು ಬರೆದು
ಆಮೇಲೆ ನನಗೆ ತಿಳಿಯುವ ಹಾಗೆ:
ರೊಟ್ಟಿ ಹೊತ್ತ ಹುಡುಗ ಬಾಗಿಲು ಬಡಿಯುತ್ತಾನೆ,
ಒಳಗಿನವರಿಗೆ ಕಿವಿ ಮಂದ.
ಇನ್ನೊಬ್ಬ ಬರುತ್ತಾನೆ, ಇನ್ನೂ ಹತ್ತು ಜನ,
ಬೀದಿ ತುಂಬ ಹುಡುಗರು.
ಆ ಗಲಾಟೆಗೆ ಅಂಡಾಶಯಕ್ಕೂ ತಲೆ ಕೆಟ್ಟು
ಮೊಟ್ಟೆಗಳು ಅರ್ಧಕ್ಕೇ ನಿಂತು ಸಾಲಾಗಿ ಕೂರುತ್ತವೆ.
ಇನ್ಸುಲಿನ್ ಅಂತೆ ಆ ಹುಡುಗರ ಹೆಸರು.
ನಾನು ಕೇಳಿದ್ದು ಒಂದೇ: ಹಾಗಾದರೆ ರೊಟ್ಟಿ?
ಅವಳು ಉತ್ತರ ಹೇಳುವ ಮುಂಚೆ ಕಿಟಕಿಯ ಕಡೆ ನೋಡಿದಳು.

ಮೆಟ್‌ಫಾರ್ಮಿನ್ ಮೊದಲ ಎರಡು ವಾರ
ಹೊಟ್ಟೆಯಲ್ಲಿ ಕಡೆಗೋಲು ಆಡಿಸಿತು.
ಒಂದು ಒಬ್ಬೆ ಒಲೆಗೆ ಹಚ್ಚಿ ಕಕ್ಕಸಿಗೆ ಓಡಿ
ಬರುವಷ್ಟರಲ್ಲಿ ಸೀದಿರುತ್ತಿತ್ತು.
ಊಟದ ನಡುವೆ ನುಂಗು ಅಂದಳು ಎಕಾ. ಮೆಲ್ಲಗೆ ಒಗ್ಗಿತು.
ಈಗ ವ್ಯಾನು ಬಿಟ್ಟು ಎರಡು ಸೇತುವೆ ನಡೆದು ಮನೆಗೆ.
ಸೊಪ್ಪು. ಬೇಯಿಸಿದ ಕೆಂಪು ಕಾಳು.
ಹಬ್ಬದ ಪಂಕ್ತಿಯಲ್ಲಿ ನನ್ನದೇ ರೊಟ್ಟಿ ನನ್ನೆದುರು ಹಾದು ಹೋಗುತ್ತದೆ,
ಗುರುತಿಲ್ಲದವರ ಹಾಗೆ.
ಒಂದು ಗುರುವಾರ ತಡೆಯಲಾಗಲಿಲ್ಲ,
ಇಡೀ ರೊಟ್ಟಿ ನಿಂತೇ ತಿಂದೆ, ಗೋಡೆಗೆ ಮುಖ ಮಾಡಿ.

ಕತ್ತು ಇನ್ನೂ ಕಪ್ಪೇ. ತಿಕ್ಕುವುದು ಬಿಟ್ಟಿದ್ದೇನೆ.

ನಿನ್ನೆ ನಸುಕಿಗೆ ಒಲೆಯೊಳಗೆ ಬಾಗಿದಾಗ
ಕಿಬ್ಬೊಟ್ಟೆ ಹಿಡಿದುಕೊಂಡಿತು. ಹಳೆಯ ನೋವು,
ಬಹಳ ದಿನಕ್ಕೆ ಬಂದ ನೆಂಟರ ಹಾಗೆ
ಚಪ್ಪಲಿ ಬಿಡದೆ ಒಳಗೆ ಬಂತು.
ಬಟ್ಟೆ ಹುಡುಕಿದೆ, ಇರಲಿಲ್ಲ; ಹಿಟ್ಟಿನ ಚೀಲ ಹರಿದೆ.
ಅತ್ತೆಗೆ ಹೇಳಲಿಲ್ಲ. ಅವಳ ಲೆಕ್ಕದಲ್ಲಿ ಇದು ವಿಶೇಷವಲ್ಲ.

ದೋಣಿಯಂಥ ರೊಟ್ಟಿಯ ಚೂಪು ತುದಿ,
ಬೆರಳುದ್ದ, ಮುರಿದೆ.
ಕಾಳಿಗೆ ಅದ್ದಿ ಬಾಯಿಗಿಟ್ಟೆ.
ಹೊರಗೆ ಮೊದಲ ಗಿರಾಕಿ ಬಾಗಿಲು ಬಡಿಯುತ್ತಿದ್ದ.
ಕೇಳಿಸಿತು.
ಅಗಿದು ಮುಗಿಯಲಿ ಅಂತ ನಿಂತೆ.